ಯಾರು ಸ್ಕಾಟ್ಲೆಂಡಿನವರು?

ಬ್ರಿಟನ್ನಿಗೆ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲದಿರುವುದನ್ನು ಆ ದೇಶದ ಜಾಣತನವೆಂದು ಹೊಗಳುವವರುಂಟು. 1988ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಇನ್‌ಸ್ಟಿಟ್ಯೂಟ್ ಫಾರ್ ಪಬ್ಲಿಕ್ ಪಾಲಿಸಿ ರಿಸರ್ಚ್ ಎಂಬ ವಿಚಾರಸಂಸ್ಥೆ 1991ರಲ್ಲಿ ಇಡೀ ರಾಜ್ಯಕ್ಕೆ ಲಿಖಿತ ಸಂವಿಧಾನದ ಕರಡೊಂದನ್ನೇ ಪ್ರಕಟಿಸಿತು. ಪಾರ್ಲಿಮೆಂಟು ಅದನ್ನು ಅಂಗೀಕರಿಸಲಿಲ್ಲ. ವಿದ್ವಾಂಸರ ಹವ್ಯಾಸವೆಂದು ಬದಿಗಿಡುವುದು ಸುಲಭ. ನಾನು ಹಾಗೆ ಬದಿಗಿಡಲಾರೆ.

2014ರಲ್ಲಿ ಸ್ಕಾಟ್ಲೆಂಡು ಸ್ವತಂತ್ರವಾಗಬೇಕೆ ಎಂಬ ಪ್ರಶ್ನೆ ಜನಮತಕ್ಕೆ ಬಂದಾಗ ಮತದಾರನ ಹುಟ್ಟನ್ನಾಗಲಿ ಕುಲವನ್ನಾಗಲಿ ಕೇಳಲಿಲ್ಲ, ವಾಸವನ್ನು ಕೇಳಿದರು. ಲಂಡನ್ನಿನಲ್ಲಿ ಮನೆ ಮಾಡಿದ್ದ ಅಚ್ಚ ಸ್ಕಾಟನಿಗೆ ಮತವಿರಲಿಲ್ಲ. ಎಡಿನ್‌ಬರೋದಲ್ಲಿ ನೆಲೆಸಿದ್ದ ಪೋಲೆಂಡಿನ ಪ್ರಜೆಗೆ ಇತ್ತು. ಕಾಮನ್‌ವೆಲ್ತಿನವನೆಂಬ ಕಾರಣದಿಂದ, ಅಲ್ಲಿ ನೆಲೆಸಿದ್ದ ಕನ್ನಡಿಗನಿಗೂ ಇತ್ತು. (ಲಂಡನ್ನಿನ ಸ್ಕಾಟನ ಮುನಿಸು ನನಗೆ ಅರ್ಥವಾಗುತ್ತದೆ. ಆದರೂ ನಾಳಿನ ತೆರಿಗೆ, ಶಾಲೆ, ಆಸ್ಪತ್ರೆಗಳ ಫಲ ಉಣ್ಣುವವನು ಅಲ್ಲಿದ್ದವನೇ ತಾನೆ?) ಶೇಕಡಾ 55ರಷ್ಟು ಮತಗಳು ಬೇಡವೆಂದವು.

ಎರಡೇ ವರ್ಷದ ಮೇಲೆ, 2016ರಲ್ಲಿ, ಯುರೋಪಿಯನ್ ಒಕ್ಕೂಟವನ್ನು ಬಿಡುವ ಪ್ರಶ್ನೆ ಬಂತು. ಯಾರ ಬದುಕು ಆ ಉತ್ತರದ ಮೇಲೆ ನಿಂತಿತ್ತೋ ಆ ಪೋಲೆಂಡಿನವನಿಗೆ ಈಗ ಮತವಿಲ್ಲ, ಕನ್ನಡಿಗನಿಗೆ ಉಂಟು! ಮನುಷ್ಯ ಅವನೇ, ಮನೆಯೂ ಅದೇ. ಮೊದಲಿನ ಮತದಾರಪಟ್ಟಿಯ ನಿಯಮವನ್ನು ಎಡಿನ್‌ಬರೋದ ಶಾಸನಸಭೆ ಬರೆದಿತ್ತು, ಎರಡನೆಯದನ್ನು ವೆಸ್ಟ್‌ಮಿನ್‌ಸ್ಟರ್ ಬರೆಯಿತು. ಎರಡಕ್ಕೂ ಮೇಲಾದ ಬರಹವೊಂದು ಇರಲಿಲ್ಲ.