ಬಿರುದಿಗಿಂತ ಮೊದಲು ಚಿಕಿತ್ಸೆ

ಯುದ್ಧದಲ್ಲಿ ಗುಂಡೇಟು ತಿಂದವನ ಗಾಯ ಎಲ್ಲರಿಗೂ ಕಾಣುತ್ತದೆ. ಅತ್ಯಾಚಾರಕ್ಕೆ ಒಳಗಾದವಳ ಗಾಯವನ್ನು ಮನೆಯವರೇ ಮುಚ್ಚಿಡುತ್ತಾರೆ. ಆಕೆಗೆ ಸರ್ಕಾರ ಹೇಗೆ ನೆರವಾಗಬೇಕು? ನೆರೆಯ ಬಾಂಗ್ಲಾದೇಶದ ಅನುಭವ ನೋಡಿ.

1971ರ ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಎರಡು ಲಕ್ಷ ಎಂದು ಅಲ್ಲಿನ ಸರ್ಕಾರ ಹೇಳಿತು. ಆ ಡಿಸೆಂಬರ್‌ನಲ್ಲೇ ಅವರಿಗೆ ‘ಬೀರಾಂಗನಾ’, ಅಂದರೆ ವೀರಾಂಗನೆ ಎಂಬ ಬಿರುದು ಕೊಟ್ಟಿತು. 1972ರಲ್ಲಿ ಪುನರ್ವಸತಿ ಕೇಂದ್ರಗಳನ್ನು ತೆರೆಯಿತು; ಗರ್ಭಪಾತಕ್ಕಿದ್ದ ಕಾನೂನಿನ ಅಡ್ಡಿ ಸಡಿಲಿಸಿತು; ವಿದೇಶಿ ವೈದ್ಯರೂ ಬಂದರು. ಅಂದಿನ ಮಟ್ಟಿಗೆ ಇದು ದೊಡ್ಡ ಕೆಲಸವೇ.

ಆದರೆ ಗರ್ಭಪಾತದೊಂದಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಲೈಂಗಿಕ ರೋಗ, ಕಿಬ್ಬೊಟ್ಟೆಯ ನೋವು, ಬಂಜೆತನ ಬೆನ್ನು ಹತ್ತಬಹುದು. ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಬದುಕೇ ಬೇಡವೆನಿಸುವುದು ವರ್ಷಗಟ್ಟಲೆ ಉಳಿಯಬಹುದು. ಇದಕ್ಕೆ ಬೇಕಾದದ್ದು ದೀರ್ಘಕಾಲದ ಆರೈಕೆ ಮತ್ತು ಗುಟ್ಟು ಕಾಯುವ ಜನ.

ಅಲ್ಲಿ ಆದದ್ದೇನು? ಗೌರವದ ಬಿರುದೇ ಊರವರ ಬಾಯಲ್ಲಿ ಬೈಗುಳವಾಯಿತು. 1992ರಲ್ಲಿ ಯುದ್ಧಾಪರಾಧಗಳ ವಿಚಾರಣೆಗೆಂದು ಢಾಕಾದಲ್ಲಿ ಹೋರಾಟಗಾರರು ಜನತಾ ನ್ಯಾಯಾಲಯ ನಡೆಸಿದರು. ಅದಕ್ಕೆ ಕುಷ್ಟಿಯಾದಿಂದ ಮೂವರು ಮಹಿಳೆಯರನ್ನು ಕರೆತಂದರು. ಪತ್ರಿಕೆಗಳಲ್ಲಿ ಅವರ ಫೋಟೊ ಬಂತು. ಊರಿಗೆ ಮರಳಿದಾಗ ಕಾದಿದ್ದು ಕೊಂಕು ಮಾತು.

ಇವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಗುರುತಿಸಿ ಮಾಸಾಶನಕ್ಕೆ ಅರ್ಹರನ್ನಾಗಿ ಮಾಡಿದ್ದು 2015ರಲ್ಲಿ. ಮೊದಲ ಪಟ್ಟಿಯಲ್ಲಿದ್ದವರು 43 ಮಂದಿ. ಇಪ್ಪತ್ತರ ಹುಡುಗಿಗೆ ಅಷ್ಟರಲ್ಲಿ ಅರವತ್ತನಾಲ್ಕು. ಅದಕ್ಕೂ ಆಕೆಯ ಹೆಸರು ಗೆಜೆಟ್‌ನಲ್ಲಿ ಅಚ್ಚಾಗಬೇಕಿತ್ತು!

ಯುರೋಪಿನ ಕೊಸೊವೊದಲ್ಲಿ ಯುದ್ಧ ಮುಗಿದದ್ದು 1999ರಲ್ಲಿ. ಅಲ್ಲೂ ತಡವಾಯಿತು, ಪಿಂಚಣಿ ಶುರುವಾದದ್ದು 2018ರಲ್ಲಿ. ಆದರೆ ಅಲ್ಲಿ ಅರ್ಜಿಯನ್ನು ಗುಟ್ಟಾಗಿಡುವ ವ್ಯವಸ್ಥೆ ಮಾಡಿದರು.

ಪುರಾವೆ ಕೇಳದೆ ಹಣ ಕೊಟ್ಟರೆ ದುರುಪಯೋಗವಾಗದೇ ಎಂದು ನೀವು ಕೇಳಬಹುದು. ಹಣಕ್ಕೆ ಪರಿಶೀಲನೆ ಇರಲಿ, ಆದರೆ ಮುಚ್ಚಿದ ಬಾಗಿಲ ಹಿಂದೆ ನಡೆಯಲಿ. ಚಿಕಿತ್ಸೆಗೆ ಮಾತ್ರ ಯಾವ ಪುರಾವೆಯನ್ನೂ ಕೇಳಬಾರದು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಅದು ಸಮಿತಿಯ ವರದಿಗೆ ಕಾಯುವುದಿಲ್ಲ.

ನಮ್ಮ ದೇಶದಲ್ಲೂ ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು 2013ರಿಂದ ಕಾನೂನಿದೆ. ಇದು ನಿಮಗೆ ಗೊತ್ತಿರಲಿ. ಯಾರಾದರೂ ನಿಮ್ಮ ಬಳಿ ಬಂದು ಹೇಳಿಕೊಂಡರೆ ಪ್ರಶ್ನೆ ಕೇಳುತ್ತ ಕೂರಬೇಡಿ; ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.