ಕಟಕಟೆಯಲ್ಲಿ ನಿಮ್ಮ ಮಗನೇ ನಿಂತಿದ್ದರೆ

ಬರ್ಲಿನ್ನಿನ ವಠಾರವೊಂದರಲ್ಲಿ ಮೈ ಮಾರಿ ಬದುಕುತ್ತಿದ್ದ ಹೆಣ್ಣುಮಗಳ ಕೊಲೆಯಾಗುತ್ತದೆ. ಅವಳೊಡನೆ ಸಂಬಂಧವಿದ್ದ ವಿದ್ಯಾರ್ಥಿ ಫ್ರಿಟ್ಸ್ ಸಿಕ್ಕಿಬೀಳುತ್ತಾನೆ. ತನಿಖಾ ನ್ಯಾಯಾಧೀಶ ಬೀನರ್ಟ್ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ತಿರುಗಿಸಿ ಮುರುಗಿಸಿ ಕೇಳುತ್ತಾನೆ. ಅವನಿಗೆ ಉತ್ತರ ಮೊದಲೇ ಗೊತ್ತು. ಅದು ಹುಡುಗನ ಬಾಯಿಂದ ಬರುವುದಷ್ಟೇ ಬಾಕಿ. ಅಷ್ಟರಲ್ಲಿ ಇನ್ನೊಂದು ಸಂಗತಿ ಹೊರಬೀಳುತ್ತದೆ: ಅವಳ ಕೋಣೆಗೆ ಬೀನರ್ಟನ ಸ್ವಂತ ಮಗ ವಾಲ್ಟರ್ ಕೂಡ ಹೋಗಿದ್ದ. ನಿನ್ನೆಯವರೆಗೆ ಪರರ ಮಗನ ಕುತ್ತಿಗೆಗೆ ಬಿಗಿಯುತ್ತಿದ್ದ ಅದೇ ತರ್ಕ ಇಂದು ತನ್ನ ಮನೆಯ ಹೊಸಿಲು ತುಳಿದಾಗ ಆ ಮುದಿ ನ್ಯಾಯಾಧೀಶನಿಗೆ ಮೊದಲ ಬಾರಿ ಅನುಮಾನ ಹುಟ್ಟುತ್ತದೆ. ಹುಡುಗನ ಮೇಲಲ್ಲ, ತನ್ನ ಮೇಲೆ.

ಇದು ರಾಬರ್ಟ್ ಸಿಯೋಡ್ಮಾಕ್ 1931ರಲ್ಲಿ ನಿರ್ದೇಶಿಸಿದ ಚಿತ್ರ 'ಫೋರುಂಟರ್‌ಜೂಖುಂಗ್', ಅಂದರೆ ಪ್ರಾಥಮಿಕ ತನಿಖೆ. ಬೀನರ್ಟನಾಗಿ ನಟಿಸಿದವರು ಜರ್ಮನ್ ರಂಗಭೂಮಿಯ ಹಿರಿಯ ಆಲ್ಬರ್ಟ್ ಬಾಸರ್‌ಮಾನ್. ಕೊಲೆಗಾರ ಯಾರೆಂದು ನಾನಿಲ್ಲಿ ಹೇಳುವುದಿಲ್ಲ. ಆ ಕುತೂಹಲ ಚಿತ್ರದಲ್ಲಿ ಅಂಥ ದೊಡ್ಡದೂ ಅಲ್ಲ.

ದೊಡ್ಡದು, ಇದರ ಮೂಲ ನಾಟಕವನ್ನು ಬರೆದವರು ಯಾರು ಎನ್ನುವುದು. ಓಟೋ ಎರ್ನ್‌ಸ್ಟ್ ಹೆಸ್ಸೆ ಜೊತೆಗೂಡಿ ಅದನ್ನು ಬರೆದ ಮಾಕ್ಸ್ ಆಲ್ಸ್‌ಬರ್ಗ್ ಬರ್ಲಿನ್ನಿನ ಹೆಸರಾಂತ ಕ್ರಿಮಿನಲ್ ವಕೀಲರು. ನ್ಯಾಯಾಲಯಗಳು ಎಡವುವ ಬಗೆಯನ್ನು ಕುರಿತು 1913ರಲ್ಲೇ ಪುಸ್ತಕ ಬರೆದಿದ್ದರು. ರಾಷ್ಟ್ರವಾದಿ ಬಲಪಂಥದ ಮುಖಂಡ ಹೆಲ್ಫರಿಖ್ ಮೇಲೆ 1920ರಲ್ಲಿ ಮಾನನಷ್ಟ ಮೊಕದ್ದಮೆ ನಡೆದಾಗ ಆತನ ಪರ ನಿಂತವರು ಅವರೇ. ಸೇನೆಯ ಗುಟ್ಟು ಬಯಲು ಮಾಡಿದ್ದಕ್ಕೆ ದೇಶದ್ರೋಹದ ಆರೋಪ ಹೊತ್ತ ಶಾಂತಿವಾದಿ ಸಂಪಾದಕ ಒಸಿಯೆಟ್ಸ್ಕಿಯ ಪರ 1931ರಲ್ಲಿ ವಾದಿಸಿದ ವಕೀಲರಲ್ಲೂ ಅವರಿದ್ದರು. ನನಗೆ ಆಲ್ಸ್‌ಬರ್ಗ್ ದೊಡ್ಡವರಾಗಿ ಕಾಣುವುದು ಇಲ್ಲೇ. ಕಕ್ಷಿದಾರನ ಬಣ್ಣ ಯಾವುದು, ಅವನ ಪಕ್ಷ ಯಾವುದು, ಊರೆಲ್ಲ ಅವನಿಗೆ ಉಗಿಯುತ್ತಿದೆಯೇ ಎಂದು ನೋಡಿ ವಕಾಲತ್ತಿಗೆ ಸಹಿ ಹಾಕಿದವರಲ್ಲ. ಆರೋಪ ಹೊತ್ತವನಿಗೆ ಒಂದು ದನಿ ಇರಲೇಬೇಕು ಎಂಬುದಷ್ಟೇ ಅವರಿಗೆ ಮುಖ್ಯವಾಗಿತ್ತು.

ಎರಡೇ ವರ್ಷ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದಿ ವಕೀಲರನ್ನು ಕೋರ್ಟಿನಿಂದ ಹೊರದಬ್ಬುವ ಕಾನೂನು ಏಪ್ರಿಲ್‌ನಲ್ಲೇ ಬಂತು. ಆಲ್ಸ್‌ಬರ್ಗ್ ಸ್ವಿಟ್ಜರ್‌ಲೆಂಡಿಗೆ ಹೋದರು. ಸೆಪ್ಟೆಂಬರ್ 11ರಂದು ಸಮೇಡನ್ ಎಂಬ ಊರಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಸಿಯೋಡ್ಮಾಕ್ ಪ್ಯಾರಿಸ್ಸಿಗೆ ಹೋದರು. ಹೆಂಡತಿ ಯೆಹೂದಿಯಾಗಿದ್ದ ಬಾಸರ್‌ಮಾನ್ ಕೂಡ ದೇಶ ಬಿಟ್ಟರು. ತನಿಖೆಯೇ ಬೇಡ, ಹುಟ್ಟೇ ಅಪರಾಧ ಎನ್ನುವ ಆಳ್ವಿಕೆಗೆ, ಸಂಶಯಕ್ಕೂ ಸಾಕ್ಷ್ಯಕ್ಕೂ ನಡುವೆ ಅಂತರವಿದೆ ಎನ್ನುವವರು ಬೇಡವಾಗಿದ್ದರು.

ಅದು ಅಲ್ಲಿಯ ಮಾತಾಯಿತು ಎಂದು ಏಳಬೇಡಿ. 2020ರ ಫೆಬ್ರವರಿಯಲ್ಲಿ ನಮ್ಮ ಹುಬ್ಬಳ್ಳಿಯ ವಕೀಲರ ಸಂಘ, ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಎಂದು ನಿರ್ಣಯ ಮಾಡಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ಬಂದೋಬಸ್ತು ಬೇಕಾಯಿತು. ಇಂಥ ನಿರ್ಣಯಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿಯಾಗಿತ್ತು. ನಮ್ಮ ಹೈಕೋರ್ಟ್ ಅದನ್ನು ಮತ್ತೆ ನೆನಪಿಸಬೇಕಾಯಿತು. ಆ ಹುಡುಗರು ಮಾಡಿದ್ದು ಸರಿಯೋ ತಪ್ಪೋ ಎನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಅದನ್ನು ತೀರ್ಮಾನಿಸಲೆಂದೇ ಕೋರ್ಟು ಇರುವುದು.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ನೂರು ಕೈದಿಗಳಲ್ಲಿ ಸುಮಾರು 76 ಮಂದಿ ವಿಚಾರಣಾಧೀನರು. ಕೋರ್ಟು ಇನ್ನೂ ತಪ್ಪಿತಸ್ಥರೆಂದು ಹೇಳಿರದ 4 ಲಕ್ಷಕ್ಕೂ ಹೆಚ್ಚು ಜನ. ಅವರ ವಿಷಯದಲ್ಲಿ ನಾವು ಯಾರು? ಬೀನರ್ಟ್‌ಗಳೇ ಅಲ್ಲವೇ? ಬಂಧನದ ಸುದ್ದಿ ಟಿವಿಯಲ್ಲಿ ಬಂದ ಅರ್ಧ ಗಂಟೆಗೆ, ಊಟದ ತಟ್ಟೆ ಮುಂದಿಟ್ಟುಕೊಂಡು ಗಲ್ಲಿಗೇರಿಸಿ ಎನ್ನುವವರು ನಾವು. ನೆರೆಮನೆಯ ಹುಡುಗ ಸಿಕ್ಕಿಬಿದ್ದರೆ 'ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ' ಎನ್ನುತ್ತೇವೆ. ನಮ್ಮ ಹುಡುಗ ಸಿಕ್ಕಿಬಿದ್ದರೆ ಮಾತ್ರ ಯಾರೋ ಸಿಕ್ಕಿಸಿಹಾಕಿದರು ಎನ್ನುತ್ತೇವೆ.

ವಕೀಲ ಮಿತ್ರರೇ, ಇಂಥ ನಿರ್ಣಯ ನಿಮ್ಮ ಸಂಘದ ಸಭೆಗೆ ಮತ್ತೊಮ್ಮೆ ಬಂದರೆ ಎದ್ದು ನಿಂತು ವಿರೋಧಿಸಿ, ವಿರೋಧವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಒಬ್ಬರೇ ಆದರೂ ಸರಿ. ಸಭೆ ಮುಗಿದ ಮೇಲೆ ಅದೇ ವಕಾಲತ್ತನ್ನು ನೀವೇ ಹಾಕಿ. ಸುದ್ದಿಮನೆಯ ಗೆಳೆಯರೇ, 'ಆರೋಪಿ' ಎಂದು ಬರೆಯಬೇಕಾದಲ್ಲಿ 'ಹಂತಕ' ಎಂದು ಬರೆದ ಶೀರ್ಷಿಕೆಯನ್ನು ಅಚ್ಚಿಗೆ ಹೋಗುವ ಮುಂಚೆ ತಡೆಯಿರಿ. ಇನ್ನುಳಿದ ನಾವು, ಆ ಶೀರ್ಷಿಕೆ ಫೋನಿಗೆ ಬಂದಾಗ ಮುಂದಕ್ಕೆ ಕಳಿಸದಿರೋಣ. ಬಂಧಿತನ ತಾಯಿ ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸದೆ ಮಾತಾಡಿಸೋಣ.