ಕೊನೆಗೆ ಮದ್ದು ಹೊಡೆಯುವವರೇ, ಒಸಡನ್ನೂ ನೋಡಿ

ಬೆಳಗ್ಗೆ ಹಲ್ಲು ತಿಕ್ಕಿ ಉಗುಳಿದಾಗ ರಕ್ತ ಕಂಡರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರೂ ಗಾಬರಿಯಾಗುವುದಿಲ್ಲ. ಅದೇ ರಕ್ತ ಮೂತ್ರದಲ್ಲಿ ಕಂಡಿದ್ದರೆ ಅಂದೇ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದೆವು. ಒಸಡಿನದಾದರೆ ‘ಉಷ್ಣ ಆಗಿರಬೇಕು’, ‘ಬ್ರಷ್ ಗಟ್ಟಿ’ ಎಂಬ ಸಮಾಧಾನ. ಕವಳ ಹಾಕುವ ಬಾಯಲ್ಲಂತೂ ಕೆಂಪಿನೊಳಗೆ ಕೆಂಪು ಬೆರೆತು ರಕ್ತ ಕಣ್ಣಿಗೇ ಬೀಳುವುದಿಲ್ಲ. ಹಲ್ಲು ಅಲುಗಾಡತೊಡಗಿದಾಗ ‘ವಯಸ್ಸಾಯಿತು’ ಎನ್ನುತ್ತೇವೆ. ಇದು ವಯಸ್ಸಿನ ಧರ್ಮವಲ್ಲ, ರೋಗ. ತಡೆಯಬಹುದಾದ ರೋಗ.

ಹಲ್ಲು ಮತ್ತು ಒಸಡು ಕೂಡುವ ಸಂದಿನಲ್ಲಿ ದಿನವೂ ಸೂಕ್ಷ್ಮಾಣುಗಳ ಅಂಟುಪದರ, ಅಂದರೆ ಪಾಚಿ, ಕಟ್ಟುತ್ತದೆ. ತೆಗೆಯದೆ ಬಿಟ್ಟರೆ ಎಂಜಲಿನ ಸುಣ್ಣದಂಶ ಸೇರಿ ಅದು ಗಟ್ಟಿಯಾಗುತ್ತದೆ. ಒಸಡಿನ ಕೋಶಗಳು ರಾಸಾಯನಿಕ ಸಂಕೇತ ಕಳಿಸಿ ನೆರವು ಕರೆಯುತ್ತವೆ. ಮೊದಲು ಓಡಿ ಬರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ನಮ್ಮ ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇವುಗಳದೇ. ಎಲುಬಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಇಂಥ ಕಣಗಳನ್ನು ತಯಾರಿಸುತ್ತದೆ. ಇವು ಸೂಕ್ಷ್ಮಾಣುವನ್ನು ನುಂಗುತ್ತವೆ, ಕರಗಿಸುವ ಕಿಣ್ವ ಸುರಿಯುತ್ತವೆ. ತಮ್ಮೊಳಗಿನ ಡಿಎನ್‌ಎಯನ್ನೇ ಬಲೆಯಾಗಿ ಎರಚಿ ಶತ್ರುವನ್ನು ಹಿಡಿಯುವುದೂ ಉಂಟೆಂದು 2004ರಲ್ಲಿ ಬರ್ಲಿನ್‌ನ ವಿಜ್ಞಾನಿಗಳು ತೋರಿಸಿದರು.

ಆದರೆ ಆ ಕಿಣ್ವಕ್ಕೆ ರೋಗಾಣು ಯಾವುದು, ನಮ್ಮ ಮಾಂಸ ಯಾವುದು ಎಂಬ ಭೇದವಿಲ್ಲ. ಹಲ್ಲನ್ನು ಎಲುಬಿಗೆ ಬಿಗಿದಿರುವ ಕೊಲಾಜೆನ್ ನಾರನ್ನೂ ಅದು ಕಡಿಯುತ್ತದೆ. ಕೆಲಸ ಮುಗಿಸಿದ ಕಣಗಳು ಸತ್ತು, ಬೇರೆ ಕೋಶಗಳು ಅವನ್ನು ತಿಂದು ಜಾಗ ಚೊಕ್ಕಟ ಮಾಡಿದ ಮೇಲೆ ಬಾವು ಇಳಿಯಬೇಕು. ಪದರ ಅಲ್ಲೇ ಕೂತಿದ್ದರೆ ಕರೆಯೂ ನಿಲ್ಲುವುದಿಲ್ಲ, ಕಣಗಳು ಬರುವುದೂ ನಿಲ್ಲುವುದಿಲ್ಲ. ಒಡೆದ ಅಂಗಾಂಶದ ಚೂರುಗಳೇ ಪೋರ್ಫಿರೋಮೊನಾಸ್ ಜಿಂಜಿವಾಲಿಸ್‌ನಂಥ ರೋಗಾಣುಗಳಿಗೆ ಆಹಾರ. ಬಾವು ಎಲುಬನ್ನು ಮುಟ್ಟಿದಾಗ ಎಲುಬು ಕರಗಿಸುವ ಕೋಶಗಳು ಚುರುಕಾಗುತ್ತವೆ. ಹೀಗೆ ಕರಗಿದ ಎಲುಬು ತಾನಾಗಿ ಮರಳದು. ಇಷ್ಟೆಲ್ಲ ನಡೆದರೂ ಹೆಚ್ಚಿನವರಿಗೆ ನೋವಿರುವುದಿಲ್ಲ. ನೋವಿಲ್ಲದ್ದೇ ಈ ರೋಗದ ಮೋಸ.

ಹಾಗೆಂದು ನ್ಯೂಟ್ರೋಫಿಲ್ಲನ್ನು ದೂರಬೇಡಿ. ಹುಟ್ಟಿನಿಂದಲೇ ಇವು ತೀರ ಕಡಿಮೆ ಇರುವ ಮಕ್ಕಳ ಹಲ್ಲುಗಳೂ ಬೇಗ ಸಡಿಲವಾಗುತ್ತವೆ. ಕಾಯುವವರು ಬೇಕೇ ಬೇಕು. ಅವರನ್ನು ವರ್ಷಗಟ್ಟಲೆ ಒಂದೇ ಸಂದಿನಲ್ಲಿ ಹೊಡೆದಾಟಕ್ಕೆ ನಿಲ್ಲಿಸಿದ ತಪ್ಪು ನಮ್ಮದು.

‘ನಮ್ಮಜ್ಜ ಬ್ರಷ್ ಮುಟ್ಟದೆ ಗಟ್ಟಿ ಹಲ್ಲಿಟ್ಟುಕೊಂಡೇ ಹೋದ’ ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರಿಗೆ ಉತ್ತರ ಶ್ರೀಲಂಕಾದ ಚಹಾ ತೋಟದಲ್ಲಿದೆ. ಹಲ್ಲು ತಿಕ್ಕುವ ರೂಢಿಯೇ ಇಲ್ಲದ 480 ಕಾರ್ಮಿಕರನ್ನು ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು 15 ವರ್ಷ ಗಮನಿಸಿ 1986ರಲ್ಲಿ ವರದಿ ಪ್ರಕಟಿಸಿದರು. ಎಲ್ಲರ ಬಾಯಲ್ಲೂ ಪಾಚಿ, ಎಲ್ಲರ ಒಸಡಲ್ಲೂ ಬಾವು. ಆದರೂ ಶೇ. 8 ಮಂದಿಯಲ್ಲಿ ರೋಗ ನಾಗಾಲೋಟದಲ್ಲಿ ಬೆಳೆಯಿತು, ಶೇ. 81 ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಬೆಳೆಯಿತು, ಶೇ. 11 ಮಂದಿಯಲ್ಲಿ ಒಸಡಿನ ಬಾವಿಗೇ ನಿಂತಿತು. ಪಾಚಿ ಒಂದೇ ಆದರೂ ದೇಹ ತಿರುಗಿಬೀಳುವ ಬಗೆ ಒಬ್ಬೊಬ್ಬರದು ಒಂದೊಂದು. ಅಜ್ಜ ಆ ಹನ್ನೊಂದರಲ್ಲಿ ಒಬ್ಬನಾಗಿದ್ದಿರಬಹುದು. ಮೊಮ್ಮಗ ಯಾವ ಗುಂಪಿನವನೆಂದು ಹಲ್ಲು ಉದುರುವ ತನಕ ಕಾದು ನೋಡುವುದೇ?

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಗುರುತು ದೊರೆಯಿತು. ಹೆಮ್ಮೆಯ ಸಂಗತಿಯೇ. ಆದರೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ತಂಬಾಕು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಹೇಳಿದ್ದೂ ನಿಜ. ಅಡಿಕೆಯ ಸಾರ ನ್ಯೂಟ್ರೋಫಿಲ್‌ಗಳ ರೋಗಾಣು ಕೊಲ್ಲುವ ಶಕ್ತಿಯನ್ನು ಕುಂದಿಸುತ್ತದೆಂದು ತೈವಾನ್‌ನ ಪ್ರಯೋಗಾಲಯಗಳು ಕಂಡುಕೊಂಡಿವೆ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತನಾಳ ಕುಗ್ಗಿ ಒಸಡಿನ ರಕ್ತ ಕಡಿಮೆಯಾಗುತ್ತದೆ. ರೋಗ ಬೆಳೆಯುತ್ತಿದ್ದರೂ ಎಚ್ಚರಿಕೆಯ ಗುರುತು ಅಳಿಸಿಹೋಗುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಒಸಡಿನ ರೋಗ ಉಲ್ಬಣಿಸುತ್ತದೆ, ಒಸಡಿನ ಬಾವು ಸಕ್ಕರೆಯನ್ನು ಹತೋಟಿಗೆ ಬಿಡುವುದಿಲ್ಲ.

ತೋಟ ಕಡಿಯಿರಿ ಎನ್ನುತ್ತಿಲ್ಲ. ತೋಟದ ಅನ್ನ ಉಣ್ಣುವವರಿಗೆ ತೋಟದಲ್ಲಿ ದುಡಿಯುವವರ ಬಾಯಿಯ ಹೊಣೆಯೂ ಇದೆ ಎನ್ನುತ್ತಿದ್ದೇನೆ. ಕೊನೆಗೌಡ ಮರದಿಂದ ಇಳಿದಾಗ, ಅಡಿಕೆ ಸುಲಿಯುವ ಹೆಂಗಸರು ಕೂತಾಗ ಆಸರಿಗೆ ಕೊಟ್ಟು ಕವಳದ ಬಟ್ಟಲು ಮುಂದಿಡುತ್ತೇವೆ. ಅದರಲ್ಲಿ ಹೊಗೆಸೊಪ್ಪನ್ನೂ ನಾವೇ ಇಡುತ್ತೇವೆ. ಅದು ಉಪಚಾರವೆಂದು ನಂಬಿದ್ದೇವೆ. ಅವರ ಹಲ್ಲು ಹೋದಾಗ ಮಾತ್ರ ಆ ಲೆಕ್ಕ ನಮ್ಮ ಪುಸ್ತಕದಲ್ಲಿ ಬರುವುದಿಲ್ಲ.

ಕೊಳೆ ರೋಗಕ್ಕೆ ನಾವು ಏನು ಮಾಡುತ್ತೇವೆ? ಅಡಿಕೆ ಉದುರಿದ ಮೇಲೆ ಮದ್ದು ಹುಡುಕುವುದಿಲ್ಲ. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಕಲಸಿ, ಕೊನೆ ಕೊನೆಗೂ ಹೊಡೆಸುತ್ತೇವೆ. ಆ ಎಚ್ಚರ ಒಸಡಿಗೇಕಿಲ್ಲ?

ಆದ್ದರಿಂದ ಈ ಕರೆ. ದಿನಕ್ಕೆರಡು ಸಲ, ಒಸಡಿನ ಅಂಚು ತಾಗುವಂತೆ ಮೆತ್ತನೆಯ ಬ್ರಷ್ಷಿನಲ್ಲಿ ತಿಕ್ಕಿ. ರಕ್ತ ಬಂತೆಂದು ಆ ಜಾಗ ಬಿಡಬೇಡಿ. 1965ರಲ್ಲಿ ಇದೇ ಲೋ ನಡೆಸಿದ ಪ್ರಯೋಗದಲ್ಲಿ ಹಲ್ಲು ತಿಕ್ಕುವುದು ನಿಲ್ಲಿಸಿದವರಿಗೆಲ್ಲ ಮೂರು ವಾರದೊಳಗೆ ಒಸಡು ಬಾತಿತು, ಮತ್ತೆ ತಿಕ್ಕತೊಡಗಿದಾಗ ಇಳಿಯಿತು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆಂಬ ಮಾತು ಬಿಡಿ. ಸಡಿಲ ಮಾಡಿದ್ದು ಎಲುಬು ಕರಗಿಸಿದ ಬಾವು, ವೈದ್ಯರ ಉಪಕರಣವಲ್ಲ. ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ಒಸಡು ತೋರಿಸಿ.

ಸಹಕಾರಿ ಸಂಘಗಳ ಹಿರಿಯರೇ, 1923ರಿಂದ ಬೆಳೆಗಾರನ ಬೆನ್ನಿಗೆ ನಿಂತ ತೋಟಗಾರ್ಸ್ ಸೊಸೈಟಿಯಂಥ ಸಂಸ್ಥೆಗಳು ಈ ನೆಲದಲ್ಲಿವೆ. ಅಡಿಕೆ ವ್ಯಾಪಾರದ ಅಂಗಳದಲ್ಲೇ ಬೆಳೆಗಾರ, ಕೂಲಿಕಾರ, ಹಮಾಲ ಎಲ್ಲರಿಗೂ ಒಸಡಿನ ತಪಾಸಣೆ ಏರ್ಪಡಿಸಿ. ಸರ್ಕಾರವೇ, ಹಲ್ಲು ಹೋದ ಬಡ ಹಿರಿಯರಿಗೆ ‘ದಂತ ಭಾಗ್ಯ’ ಯೋಜನೆಯಲ್ಲಿ ಕಟ್ಟು ಹಲ್ಲು ಕೊಟ್ಟಿದ್ದು ಒಳ್ಳೆಯದು. ಇರುವ ಹಲ್ಲು ಉಳಿಸುವುದು ಅದಕ್ಕೂ ಒಳ್ಳೆಯದು, ಅಗ್ಗದ್ದು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಒಸಡಿನ ಚಿಕಿತ್ಸೆ ಸಿಗುವಂತೆ ಮಾಡಿ.

ಮನೆಯೊಡೆಯರೇ, ನಾಳೆ ಕೆಲಸದವರ ಮುಂದಿಡುವ ಬಟ್ಟಲಿಂದ ಹೊಗೆಸೊಪ್ಪನ್ನು ತೆಗೆದುಬಿಡಿ. ಅವರ ಒಸಡಲ್ಲಿ ರಕ್ತವಿದೆಯೇ ಎಂದು ಕೇಳಿ. ಇದ್ದರೆ, ಅರ್ಧ ದಿನದ ಕೂಲಿ ಹಿಡಿಯದೆ ಆಸ್ಪತ್ರೆಗೆ ಕಳಿಸಿ.